ಎಲ್ಲರಿಗೂ ಒಂದೇ ಮಾತು ಸಲ್ಲದು

ಕೊಟ್ಟಿಗೆಯ ಎಲ್ಲ ರಾಸುಗಳಿಗೂ ನಾವು ಒಂದೇ ಅಳತೆಯ ಮೇವು ಹಾಕುವುದಿಲ್ಲ. ಕರುವಿಗೆ ಬೇರೆ, ಗಬ್ಬದ ಹಸುವಿಗೆ ಬೇರೆ, ಹಾಲು ಕರೆಯುವ ಹಸುವಿಗೆ ಬೇರೆ. ಆದರೆ ಸಂಘ ನಡೆಸುವಾಗ ಕೆಲವು ಅಧ್ಯಕ್ಷರು ಎಲ್ಲರನ್ನೂ ಗದರುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಕಾರ್ಯದರ್ಶಿಗೆ ಬಿಟ್ಟು ಸುಮ್ಮನಾಗುತ್ತಾರೆ. ಗದರಿದರೆ ಸದಸ್ಯೆಯರು ಹೊರಗಿನವರಿಗೆ ಹಾಲು ಹಾಕತೊಡಗುತ್ತಾರೆ. ಸುಮ್ಮನಿದ್ದರೆ ಲೆಕ್ಕ ಕೈತಪ್ಪುತ್ತದೆ.

1969ರಲ್ಲಿ ಅಮೆರಿಕದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಈ ವಿಷಯವನ್ನು ವಿವರಿಸಿದರು. ಎದುರಿಗಿರುವವರಿಗೆ ಆ ಕೆಲಸ ಎಷ್ಟು ಗೊತ್ತು, ಮಾಡುವ ಮನಸ್ಸು ಮತ್ತು ಧೈರ್ಯ ಎಷ್ಟಿದೆ ಎಂದು ನೋಡಿ ಮುಂದಾಳು ತನ್ನ ರೀತಿಯನ್ನು ಬದಲಿಸಿಕೊಳ್ಳಬೇಕು ಎಂಬುದೇ ಅದರ ಸಾರ. ನಮ್ಮ ಸಂಘಗಳಿಗೂ ಇದು ಸರಿಹೊಂದುತ್ತದೆ.

ನಾಲ್ಕು ರೀತಿಗಳು

1. ಹೇಳಿಕೊಟ್ಟು ಮಾಡಿಸುವುದು: ಹೊಸದಾಗಿ ಸೇರಿದ ಹಾಲು ಪರೀಕ್ಷಕಿಗೆ "ನೋಡಿಕೊಂಡು ಮಾಡಮ್ಮ" ಎಂದರೆ ಸಾಲದು. ಮಾದರಿ ತೆಗೆಯುವ ಮುನ್ನ ಹಾಲನ್ನು ಚೆನ್ನಾಗಿ ಕಲಕುವುದು, ಲ್ಯಾಕ್ಟೋಮೀಟರ್ ಓದುವುದು, ಬರೆದಿಡುವುದು, ಎಲ್ಲವನ್ನೂ ಮಾಡಿ ತೋರಿಸಿ, ಪಕ್ಕದಲ್ಲಿ ನಿಂತು ಮಾಡಿಸಿ.

2. ಕಾರಣ ತಿಳಿಸಿ ಒಪ್ಪಿಸುವುದು: ಕೆಲ ತಿಂಗಳ ನಂತರ ಕೆಲಸ ಸ್ವಲ್ಪ ಬಂದಿರುತ್ತದೆ. "ನನ್ನ ಹಾಲಿಗೆ ಫ್ಯಾಟ್ ಕಡಿಮೆ ಬರೆದೆ" ಎಂಬ ಜಗಳದಿಂದ ಅವಳ ಉತ್ಸಾಹ ಕುಗ್ಗಿರುತ್ತದೆ. ಆಗ ಆದೇಶದ ಜೊತೆಗೆ ವಿವರಣೆಯೂ ಬೇಕು, ಬೆನ್ನಿಗೆ ನಿಲ್ಲುವುದೂ ಬೇಕು. ಜಗಳವಾಡಿದ ಸದಸ್ಯೆಯ ಎದುರೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

3. ಜೊತೆಗೂಡಿ ನಿರ್ಧರಿಸುವುದು: ಹತ್ತಾರು ವರ್ಷ ಹಸು ಸಾಕಿದ ನಿರ್ದೇಶಕಿ ಸಭೆಯಲ್ಲಿ ಬಾಯಿ ಬಿಡದೆ ಕೂತಿರಬಹುದು. ಅವರಿಗೆ ಪಾಠ ಬೇಡ, ಅವಕಾಶ ಬೇಕು. "ಹಸಿರು ಮೇವಿನ ಬಗ್ಗೆ ನಿಮ್ಮ ಅಭಿಪ್ರಾಯವೇನು?" ಎಂದು ಹೆಸರು ಹಿಡಿದು ಕೇಳಿ.

4. ಒಪ್ಪಿಸಿ ಬಿಡುವುದು: ಅನುಭವವೂ ಆಸಕ್ತಿಯೂ ಇರುವ ಕಾರ್ಯದರ್ಶಿಯ ಕೆಲಸದಲ್ಲಿ ದಿನವೂ ಕೈ ಹಾಕಬೇಡಿ. ಆದರೆ ಒಪ್ಪಿಸುವುದೆಂದರೆ ಕಣ್ಣು ಮುಚ್ಚುವುದಲ್ಲ. ನಗದು ಪುಸ್ತಕ, ಬ್ಯಾಂಕ್ ಪುಸ್ತಕಗಳನ್ನು ಆಡಳಿತ ಮಂಡಳಿ ನೋಡಲೇಬೇಕು.

ಒಬ್ಬರೇ ಆದರೂ ಕೆಲಸ ಬೇರೆ

ಲೆಕ್ಕದಲ್ಲಿ ಪಳಗಿದ ಅದೇ ಕಾರ್ಯದರ್ಶಿಯ ಮುಂದೆ ಹೊಸ ಗಣಕೀಕೃತ ಯಂತ್ರ ಬಂದಾಗ ಅವರೂ ಕಲಿಯುವವರೇ. ಆಗ ಮತ್ತೆ ಮೊದಲ ರೀತಿಗೆ ಬರಬೇಕು. ಹೀಗಾಗಿ "ಇವಳು ಜಾಣೆ, ಅವಳು ದಡ್ಡಿ" ಎಂದು ಯಾರಿಗೂ ಹಣೆಪಟ್ಟಿ ಹಚ್ಚಬೇಡಿ.

ತುರ್ತಿನಲ್ಲಿ ಚರ್ಚೆಗೆ ಸಮಯವಿಲ್ಲ

ಊರಿನಲ್ಲಿ ಕಾಲುಬಾಯಿ ಜ್ವರ ಕಂಡರೆ ಸಭೆ ಕರೆದು ಕಾಯುವಂತಿಲ್ಲ. ಪಶುವೈದ್ಯರಿಗೆ ತಿಳಿಸಿ, ರೋಗದ ರಾಸನ್ನು ಬೇರೆ ಕಟ್ಟಿಸಿ, ಸಾಮೂಹಿಕ ನೀರಿನ ತೊಟ್ಟಿಗೆ ಬಿಡದಂತೆ ನೇರವಾಗಿ ಹೇಳಬೇಕು. ಯಾಕೆ ಎಂಬುದನ್ನು ನಂತರ ಕೂತು ವಿವರಿಸಿ. ಲಾಭಾಂಶ, ಹೊಸ ಕಟ್ಟಡದಂಥ ವಿಷಯಗಳಲ್ಲಿ ಮಾತ್ರ ಅವಸರ ಬೇಡ. ಎಲ್ಲರ ಮಾತೂ ಕೇಳಿ.

ರೀತಿ ಬದಲಾಗಲಿ, ನಿಯಮ ಬದಲಾಗದಿರಲಿ

ಹುಳಿಯಾದ ಹಾಲು ಅಧ್ಯಕ್ಷೆಯ ಮನೆಯದಾದರೂ ತಿರಸ್ಕರಿಸಬೇಕು. ಒಂದು ಮನೆಯ ಕೆಟ್ಟ ಹಾಲು ಕ್ಯಾನಿನ ಎಲ್ಲರ ಹಾಲನ್ನೂ ಕೆಡಿಸುತ್ತದೆ. ಬಡ ಸದಸ್ಯೆಗೆ ಅದನ್ನು ಮೆತ್ತಗೆ ಹೇಳಬಹುದು, ಪಾತ್ರೆ ತೊಳೆಯುವ ಕ್ರಮ ಕಲಿಸಬಹುದು. ಹಾಲನ್ನು ಮಾತ್ರ ಸ್ವೀಕರಿಸುವಂತಿಲ್ಲ.

ಮುಂದಿನ ಬಾರಿ ಯಾರಿಗಾದರೂ ಕೆಲಸ ವಹಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಕೆಲಸ ಇವರಿಗೆ ಗೊತ್ತೇ? ಮಾಡುವ ಧೈರ್ಯವಿದೆಯೇ? ನಮಗೆ ಎಷ್ಟು ಸಮಯವಿದೆ? ಉತ್ತರ ಸಿಕ್ಕರೆ ಹೇಗೆ ಮಾತಾಡಬೇಕೆಂಬುದು ತಾನೇ ಹೊಳೆಯುತ್ತದೆ.