ಪಹಣಿ ಹರಿದರೆ ಹೊಲ ಹಸನಾದೀತೆ?

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಡಿಸ್ಕುಗಳು. ವಿಂಡೋಸ್ ಇರುವುದು ಪುಟ್ಟ ಎಸ್‌ಎಸ್‌ಡಿಯಲ್ಲಿ. ಮದುವೆ, ನಾಮಕರಣ, ಪ್ರವಾಸದ ಫೋಟೊಗಳೆಲ್ಲ ಒಂದು ಟೆರಾಬೈಟಿನ ಹಳೆಯ ಹಾರ್ಡ್ ಡಿಸ್ಕಿನಲ್ಲಿ, ಅಂದರೆ ‘ಡಿ’ ಡ್ರೈವಿನಲ್ಲಿ. ಕಳೆದ ಮಳೆಗಾಲದಲ್ಲಿ ಅದರ ಒಂದು ಫೋಲ್ಡರ್ ತೆರೆದರೆ ಸಾಕು, ಇಡೀ ಕಂಪ್ಯೂಟರ್ ಧ್ಯಾನಕ್ಕೆ ಕೂತುಬಿಡುತ್ತಿತ್ತು. ಪೆಟ್ಟಿಗೆಯೊಳಗಿಂದ ಟಿಕ್, ಟಿಕ್ ಸದ್ದು. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬಂದು ನೋಡಿ, “ಅಂಕಲ್, ಒಂದ್ಸಲ ಫಾರ್ಮ್ಯಾಟ್ ಹೊಡೀರಿ, ಸರಿ ಹೋಗುತ್ತೆ” ಅಂದ.

ಫಾರ್ಮ್ಯಾಟ್ ಹೊಡೆಯುವುದು ನಮ್ಮಲ್ಲಿ ಶುಂಠಿ ಕಷಾಯದ ಹಾಗೆ. ರೋಗ ಯಾವುದೇ ಇರಲಿ, ಮೊದಲು ಅದೊಂದು ಲೋಟ. ಆದರೆ ಅದು ಡಿಸ್ಕಿಗೆ ನಿಜವಾಗಿ ಏನು ಮಾಡುತ್ತದೆ?

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120. ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ತಟ್ಟೆಯೇ ಎಬ್ಬಿಸಿದ ಗಾಳಿಯ ಮೇಲೆ, ಹೆಡ್ ಎಂಬ ಚೂರು ತೇಲುತ್ತದೆ. ನಮ್ಮ ತಲೆಗೂದಲೊಂದರ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್. ಆ ಸಂದಿಗೆ ಹೊಗೆಯ ಕಣವೂ ಬಂಡೆಯೇ. ತಟ್ಟೆಯ ಕಾಂತೀಯ ಲೇಪದಲ್ಲಿ ಲಕ್ಷಾಂತರ ಟ್ರ್ಯಾಕುಗಳು, ಪ್ರತಿ ಟ್ರ್ಯಾಕಿನಲ್ಲೂ ಸೆಕ್ಟರ್ ಎಂಬ ಮಡಿಗಳು. ಮೊದಲು ಒಂದೊಂದಕ್ಕೆ 512 ಬೈಟ್, ಈಗಿನವುಗಳಲ್ಲಿ 4096.

ಈ ಮಡಿಗಳ ಗುರುತನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಹೆಡ್ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಆ ಗುರುತುಗಳಿಂದ. ಸರ್ವೆಯವರು ನೆಟ್ಟ ಬಾಂದು ಕಲ್ಲು ಅಂದುಕೊಳ್ಳಿ. ಒಮ್ಮೆ ಕಿತ್ತರೆ ಮನೆಯಲ್ಲಿ ಕೂತು ಮತ್ತೆ ನೆಡಲಾಗದು. ಎಂಬತ್ತರ ದಶಕದ ಡಿಸ್ಕುಗಳನ್ನು ಬಳಕೆದಾರರೇ ‘ಲೋ ಲೆವೆಲ್ ಫಾರ್ಮ್ಯಾಟ್’ ಮಾಡಬಹುದಿತ್ತು. ಆ ಹೆಸರು ಇನ್ನೂ ಬಾಯಲ್ಲಿ ಓಡಾಡುತ್ತಿದೆ, ಕೆಲಸ ಮಾತ್ರ ನಮ್ಮ ಕೈಯಲ್ಲಿಲ್ಲ.

ಹಾಗಾದರೆ ನಾವು ಹೊಡೆಯುವ ಫಾರ್ಮ್ಯಾಟ್ ಯಾವುದು? ಕ್ವಿಕ್ ಫಾರ್ಮ್ಯಾಟ್ ಅಂದರೆ ಹಳೆಯ ಪಹಣಿಯನ್ನು ಹರಿದು ಹೊಸದು ಬರೆಯುವುದು. ಯಾವ ಫೈಲು ಯಾವ ಮಡಿಯಲ್ಲಿದೆ ಎಂಬ ಪಟ್ಟಿ ಖಾಲಿಯಾಗುತ್ತದೆ, ಹೊಲಕ್ಕೆ ನೇಗಿಲೇ ತಾಗುವುದಿಲ್ಲ. ಅದಕ್ಕೇ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದಕ್ಕೇ ಹಾಗೆ ‘ಅಳಿಸಿ’ ಮಾರಿದ ಡಿಸ್ಕಿನಿಂದ ನಿಮ್ಮ ಮನೆಯ ಫೋಟೊಗಳನ್ನು ಇನ್ನೊಬ್ಬರು ಮೇಲೆತ್ತಬಹುದು. ಫುಲ್ ಫಾರ್ಮ್ಯಾಟ್ ಬೇರೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಅದೂ ಪ್ರತಿ ಮಡಿಯನ್ನು ಓದಿ ನೋಡುತ್ತಿತ್ತು, ಅಷ್ಟೇ. ವಿಸ್ತಾದಿಂದೀಚೆಗೆ ಎಲ್ಲ ಮಡಿಗಳಿಗೂ ಸೊನ್ನೆ ಬಿತ್ತುತ್ತದೆ. ಓದುವುದಕ್ಕೂ ಬರೆಯುವುದಕ್ಕೂ ಇರುವ ಈ ವ್ಯತ್ಯಾಸದಲ್ಲೇ ನಮ್ಮ ಪ್ರಶ್ನೆಯ ಉತ್ತರ ಅಡಗಿದೆ.

ಒಂದು ಸೆಕ್ಟರ್ ಓದಲಾಗದಿರಲು ಎರಡು ಬಗೆಯ ಕಾರಣಗಳಿರಬಹುದು. ಮೊದಲನೆಯದು, ಲೇಪವೇ ಕೆಟ್ಟಿರುವುದು: ಹೆಡ್ ತಾಗಿಯೋ ಧೂಳು ಉಜ್ಜಿಯೋ ಗೀರು ಬಿದ್ದಿರುತ್ತದೆ. ಎರಡನೆಯದು, ಬರೆಯುತ್ತಿದ್ದಾಗ ಕರೆಂಟ್ ಹೋಗಿ ಬರಹ ಅರ್ಧಕ್ಕೇ ನಿಂತಿರುವುದು. (ಕರೆಂಟ್ ಹೋದಾಗ ಡಿಸ್ಕು ತೋರುವ ಜಾಣತನ ನನಗೆ ಬಲು ಇಷ್ಟ. ತಟ್ಟೆ ಇನ್ನೂ ತಿರುಗುತ್ತಿರುತ್ತದಲ್ಲ, ಮೋಟಾರನ್ನೇ ಡೈನಮೊ ಮಾಡಿಕೊಂಡು, ಆ ಚೂರು ವಿದ್ಯುತ್ತಿನಲ್ಲಿ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ.) ಪ್ರತಿ ಸೆಕ್ಟರಿನ ಜೊತೆಗೂ ತಪ್ಪು ಹಿಡಿದು ತಿದ್ದುವ ಲೆಕ್ಕವೊಂದು ಇರುತ್ತದೆ. ಅರ್ಧ ಬರಹಕ್ಕೂ ಲೆಕ್ಕಕ್ಕೂ ತಾಳೆಯಾಗದಿದ್ದರೆ ಡಿಸ್ಕು ಮತ್ತೆ ಮತ್ತೆ ಓದಲು ಹೆಣಗುತ್ತದೆ. ನಮ್ಮ ಕಂಪ್ಯೂಟರ್ ಧ್ಯಾನಕ್ಕೆ ಕೂರುತ್ತಿದ್ದುದು ಈ ಹೆಣಗಾಟದಿಂದ. ಎಸ್‌ಎಸ್‌ಡಿ ಎಷ್ಟೇ ಚುರುಕಾಗಿರಲಿ, ‘ಡಿ’ ಡ್ರೈವಿನ ಉತ್ತರಕ್ಕೆ ಕಾಯುವ ಪ್ರೋಗ್ರಾಮು ಕಾಯಲೇಬೇಕು.

ಓದಲಾಗದ ಸೆಕ್ಟರನ್ನು ಡಿಸ್ಕು ‘ಪೆಂಡಿಂಗ್’ ಪಟ್ಟಿಗೆ ಸೇರಿಸಿಕೊಂಡು ಸುಮ್ಮನಿರುತ್ತದೆ. ಒಳಗಿನ ಮಾಹಿತಿ ಇಂದಲ್ಲ ನಾಳೆ ಓದಲು ಸಿಕ್ಕೀತೆಂಬ ಆಸೆಯಿಂದ ಅದನ್ನು ಮುಟ್ಟುವುದಿಲ್ಲ. ಅಲ್ಲಿಗೇ ಯಾರಾದರೂ ಹೊಸದಾಗಿ ಬರೆದರೆ ಮಾತ್ರ ತೀರ್ಮಾನ. ಬರಹ ನಿಂತರೆ, ಹಿಂದಿನದು ಬರೀ ಅರ್ಧ ಬರಹವಾಗಿತ್ತು ಎಂದು ಕೇಸು ಮುಚ್ಚುತ್ತದೆ. ನಿಲ್ಲದಿದ್ದರೆ ಆ ಸೆಕ್ಟರಿಗೆ ಕಾದಿರಿಸಿದ ಜಾಗದಲ್ಲಿ ಬದಲಿ ನಿವೇಶನ ಕೊಡುತ್ತದೆ. ವಿಳಾಸ ಹಳೆಯದೇ, ಮನೆ ಮಾತ್ರ ಬೇರೆ ಬೀದಿಯಲ್ಲಿ. ವಿಂಡೋಸಿಗೆ ಸುಳಿವೂ ಸಿಗುವುದಿಲ್ಲ. ಫುಲ್ ಫಾರ್ಮ್ಯಾಟ್ ಎಲ್ಲೆಡೆ ಸೊನ್ನೆ ಬರೆಯುವುದರಿಂದ, ತಾನು ಬಯಸದೆಯೇ, ಕಡತದಲ್ಲಿ ಕೊಳೆಯುತ್ತಿದ್ದ ಈ ಕೇಸುಗಳನ್ನೆಲ್ಲ ಒಂದೇ ರಾತ್ರಿ ವಿಚಾರಣೆಗೆ ತರುತ್ತದೆ. ಗೀರು ಬಿದ್ದ ಲೇಪವನ್ನು ಬೆಸೆಯುವ ಶಕ್ತಿ ಅದಕ್ಕಿಲ್ಲ. ನನ್ನ ಲೆಕ್ಕದಲ್ಲಿ ಅದು ಔಷಧಿಯಲ್ಲ, ರಕ್ತಪರೀಕ್ಷೆ.

ಪರೀಕ್ಷೆಯ ವರದಿ ‘ಸ್ಮಾರ್ಟ್’ ಎಂಬ ದಾಖಲೆಯಲ್ಲಿದೆ. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಡೈರಿ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಂಥ ಉಚಿತ ಪ್ರೋಗ್ರಾಮು ಅದನ್ನು ತೋರಿಸುತ್ತದೆ. ನೋಡಬೇಕಾದ್ದು ಈ ಸಂಖ್ಯೆಗಳ ಸಾಲುಗಳನ್ನು: 5 (ಬದಲಿ ನಿವೇಶನ ಪಡೆದವರ ಸಂಖ್ಯೆ), 197 (ಪೆಂಡಿಂಗ್), 199 (ಕೇಬಲ್ಲಿನಲ್ಲಿ ಕಲಬೆರಕೆಯಾದ ಮಾಹಿತಿ). 199 ಒಂದೇ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಸಾಟಾ ಕೇಬಲ್ ಬದಲಾಯಿಸಿ. ಆ ಪ್ರೋಗ್ರಾಮು ಅಂಕಿಗಳನ್ನು ತಾನಾಗಿ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಅಲ್ಲಿ 18 ಅಂದರೆ ನಮ್ಮ 24. ಇದು ಗೊತ್ತಿಲ್ಲದೆ ನಾನು ಎರಡು ದಿನ ಅನಾವಶ್ಯಕ ಸಮಾಧಾನದಲ್ಲಿದ್ದೆ.

ಹುಡುಗನ ಮಾತು ಕೇಳುವ ಮೊದಲು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ, ಫೋಟೊಗಳನ್ನು ಹೊಸ ಡಿಸ್ಕಿಗೆ ನಕಲಿಸಿದ್ದು. ಬೇರೆಲ್ಲೂ ಪ್ರತಿ ಇಲ್ಲದವು ಮೊದಲು, ಸಿನಿಮಾಗಳು ಕೊನೆಗೆ. ಯಾವುದಾದರೂ ಫೈಲು ತಡವರಿಸಿದರೆ ಅದನ್ನು ಬಿಟ್ಟು ಮುಂದೆ ಹೋಗಿ ಆಮೇಲೆ ಮರಳುವುದು. ಲಿನಕ್ಸಿನ ಡಿಡಿರೆಸ್ಕ್ಯೂ ಕೂಡ ಇದೇ ನೀತಿಯದು: ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಕೈ ಹಾಕುತ್ತದೆ. ಸಾಯುತ್ತಿರುವ ಹೆಡ್ಡಿಗೆ ಇನ್ನೆಷ್ಟು ಸುತ್ತು ಉಳಿದಿದೆಯೋ ಯಾರಿಗೆ ಗೊತ್ತು.

ಆಮೇಲೆ ಹಳೆಯ ಡಿಸ್ಕಿಗೆ ಫುಲ್ ಫಾರ್ಮ್ಯಾಟ್ ಹೊಡೆದೆ. ಸೆಕೆಂಡಿಗೆ ನೂರು ಮೆಗಾಬೈಟಿನಂತೆ ಬರೆದರೂ ಒಂದು ಟೆರಾಬೈಟಿಗೆ ಮೂರು ಗಂಟೆ ಸಾಕು. ನನ್ನದು ರಾತ್ರಿಯಿಡೀ ತೆಗೆದುಕೊಂಡಿತು; ಅದೇ ಒಂದು ರೋಗಲಕ್ಷಣ. ಬೆಳಿಗ್ಗೆ ಪೆಂಡಿಂಗ್ ಸೊನ್ನೆ, ಬದಲಿ ನಿವೇಶನ 24. ಕಂಪ್ಯೂಟರ್ ಚುರುಕಾಯಿತು. “ನಾ ಹೇಳಲಿಲ್ವಾ ಅಂಕಲ್?” ಅಂದ ಹುಡುಗ.

ಆದರೆ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್ ಇಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ವರದಿ ನನ್ನ ತಲೆಯಲ್ಲಿತ್ತು. ಮೇಲ್ಮೈ ತಪಾಸಣೆಯಲ್ಲಿ ಒಂದು ದೋಷ ಕಂಡ ಡಿಸ್ಕು ಮುಂದಿನ ಅರುವತ್ತು ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಕಾಣದ ಡಿಸ್ಕಿನದಕ್ಕಿಂತ 39 ಪಟ್ಟು. ಅದೇ ವರದಿಯ ಇನ್ನೊಂದು ಮಾತು ಇನ್ನೂ ಅಂಜಿಸುವಂಥದ್ದು: ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್ ಡೈರಿಯ ಮುಖ್ಯ ಸಾಲುಗಳಲ್ಲಿ ಮುನ್ಸೂಚನೆಯನ್ನೇ ಕೊಟ್ಟಿರಲಿಲ್ಲ. ಹಾಗಾಗಿ ನನ್ನ ಡಿಸ್ಕಿನಲ್ಲಿ ಹಳೆಯ ಸಿನಿಮಾಗಳನ್ನಷ್ಟೇ ತುಂಬಿ ವಾರಕ್ಕೊಮ್ಮೆ ಡೈರಿ ನೋಡತೊಡಗಿದೆ. ಎರಡು ವಾರ 24ರಲ್ಲೇ ನಿಂತಿತ್ತು. ಮೂರನೆಯ ವಾರ 31. ತಿಂಗಳು ತುಂಬುವಾಗ 88. ಗೀರು ಹರಡುತ್ತಿತ್ತು.

ಪ್ಲಗ್ ಕಿತ್ತೆ. ನಕ್ಷತ್ರದಾಕಾರದ ತಿರುಪುಗಳನ್ನು ಬಿಚ್ಚಿ ಒಳಗಿನ ಅಯಸ್ಕಾಂತಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೆರಳು ನಡುವೆ ಸಿಕ್ಕಿದರೆ ಜಜ್ಜುವಷ್ಟು ಬಲ ಅವಕ್ಕೆ. ಅಲ್ಯುಮಿನಿಯಮ್ಮಿನ ಎರಡು ತಟ್ಟೆಗಳನ್ನು ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಬಿಟ್ಟಿದ್ದೇನೆ. ಪಾರಿವಾಳಗಳು ಎರಡು ದಿನ ಹೆದರಿದವು.