ಹಾಡು ಹೋಯಿತು, ಭೇಷ್ ಬರಲಿಲ್ಲ

ಸಂಗೀತ ಕಚೇರಿಯನ್ನು ನಡೆಸುವವರು ವೇದಿಕೆಯ ಮೇಲಿನವರು ಮಾತ್ರವೇ ಅಲ್ಲ. ಗಾಯಕರು ಕಲ್ಯಾಣಿಯ ಸಂಚಾರವೊಂದನ್ನು ಅಂದವಾಗಿ ಮುಗಿಸಿದಾಗ ಮೊದಲ ಸಾಲಿನ ವೃದ್ಧರ ತಲೆ ತಾನಾಗಿಯೇ ತೂಗುತ್ತದೆ. ಮೂರನೆಯ ಸಾಲಿನಿಂದ ‘ಭೇಷ್!’ ಎಂಬ ಉದ್ಗಾರ ಹೊರಡುತ್ತದೆ. ಗೋಡೆಯ ಪಕ್ಕದಲ್ಲಿ ಕುಳಿತ ಗೃಹಿಣಿಯ ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಇವೆಲ್ಲವೂ ಗಾಯಕರ ಕಣ್ಣಿಗೆ ಬೀಳುತ್ತವೆ. ಮೂರು ಆವರ್ತಗಳಲ್ಲಿ ಮುಗಿಯಬೇಕಾಗಿದ್ದ ಸ್ವರಪ್ರಸ್ತಾರ ಹತ್ತು ಆವರ್ತಗಳಿಗೆ ಬೆಳೆಯುವುದು ಅನೇಕ ವೇಳೆ ಇದರಿಂದಲೇ. ಸಭೆ ತೂಕಡಿಸಿತೆಂದರೆ ವಿಸ್ತಾರವಾದ ಆಲಾಪನೆಯೂ ಬೇಗ ಮುಗಿದು, ಚುರುಕಾದ ಕೃತಿಯೊಂದು ಮುಂದೆ ಬರುವುದುಂಟು.

ಅಂತರ್ಜಾಲದ ಮೂಲಕ ಕಚೇರಿಯನ್ನು ಮನೆಮನೆಗೆ ತಲುಪಿಸುವ ನೇರಪ್ರಸಾರ, ಅಂದರೆ ಬಳಕೆಯ ಮಾತಿನ ‘ಲೈವ್ ಸ್ಟ್ರೀಮ್’, ಮುಂದೆ ಏನಾದೀತು ಎಂದು ಕೇಳುವವರು ಸಾಮಾನ್ಯವಾಗಿ ಅದು ಎಷ್ಟು ದೂರ, ಎಷ್ಟು ಜನಕ್ಕೆ ಮುಟ್ಟೀತು ಎಂದು ಎಣಿಸುತ್ತಾರೆ. ಹಾಡು ಭೂಮಂಡಲದ ಆಚೆಯ ಅಂಚಿಗೂ ಹೋಗುವುದೆಂಬುದು ಈಗ ಮಕ್ಕಳಿಗೂ ತಿಳಿದ ಸಂಗತಿ. ತಿಳಿಯದೆ ಉಳಿದಿರುವುದು ಬೇರೆ: ಹಾಡು ಹೋದ ದಾರಿಯಲ್ಲಿ ಭೇಷ್ ಎಂಬುದು ಮರಳಿ ಬರುವುದು ಹೇಗೆ?

2020ರ ಮಾರ್ಚ್ 12ರಂದು ಈ ಪ್ರಶ್ನೆ ಬರ್ಲಿನ್ ನಗರದಲ್ಲಿ ಕಣ್ಣಿಗೆ ಕಟ್ಟುವಂತೆ ಎದುರಾಯಿತು. ಕೊರೋನಾ ವ್ಯಾಧಿಯ ಭಯದಿಂದ ಸಭಾಮಂದಿರಗಳನ್ನು ಮುಚ್ಚಿದ್ದ ಸಮಯ. ಸೈಮನ್ ರ್‍ಯಾಟಲ್ ಅವರ ನಿರ್ದೇಶನದಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದದವರು 2,000ಕ್ಕೂ ಹೆಚ್ಚು ಬರಿದಾದ ಆಸನಗಳ ನಡುವೆ ಕುಳಿತು ಬೇರಿಯೋ ಮತ್ತು ಬಾರ್ಟೋಕ್ ಅವರ ಕೃತಿಗಳನ್ನು ನುಡಿಸಿದರು. ಅದನ್ನು ಲೋಕದ ಯಾವ ಮೂಲೆಯಲ್ಲಿದ್ದವರಾದರೂ ಬಿಟ್ಟಿಯಾಗಿ ಕೇಳಬಹುದಾಗಿತ್ತು; ಕೊನೆಯ ಸ್ವರ ನಿಂತಾಗ ಚಪ್ಪಾಳೆ ತಟ್ಟಲು ಎದುರಿಗೆ ಸಭಿಕರಿರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಚೆನ್ನೈಯ ಮ್ಯೂಸಿಕ್ ಅಕಾಡೆಮಿಯ ಉತ್ಸವವೂ ಅಂತರ್ಜಾಲದಲ್ಲಿಯೇ ನಡೆಯಬೇಕಾಯಿತು.

ದೂರದ ಸಂಗೀತವನ್ನು ಮನೆಯಲ್ಲಿ ಕುಳಿತು ಕೇಳುವ ಆಸೆ ಹೊಸದೇನಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾನ್ ಅಡೇರ್ ಎಂಬ ಎಂಜಿನಿಯರು ನಾಟಕಶಾಲೆಯ ರಂಗದ ಅಂಚಿನಲ್ಲಿ ಟೆಲಿಫೋನಿನ ಧ್ವನಿಗ್ರಾಹಕಗಳನ್ನು ಸಾಲಾಗಿ ಇರಿಸಿ, ಆಪೆರಾದ ಹಾಡನ್ನು ತಂತಿಯ ಮೂಲಕ ಪ್ರದರ್ಶನದ ಕಟ್ಟಡಕ್ಕೆ ತಂದನು. ಎರಡು ಕಿವಿಗೂ ಒಂದೊಂದು ಶ್ರವಣಿಯನ್ನು ಹಿಡಿದವರಿಗೆ, ಗಾಯಕಿ ಎಡದಿಂದ ಬಲಕ್ಕೆ ನಡೆದದ್ದೂ ತಿಳಿಯುತ್ತಿತ್ತಂತೆ. 1890ರಲ್ಲಿ ಇದೇ ‘ಥಿಯಾಟ್ರೊಫೋನ್’ ಎಂಬ ಹೆಸರಿನ ವ್ಯಾಪಾರವಾಯಿತು. ಹೋಟೆಲಿನಲ್ಲಿ ನಾಣ್ಯ ಹಾಕಿ ಐದು ನಿಮಿಷ ಕೇಳಬಹುದು. ಅನುಕೂಲಸ್ಥರು ಚಂದಾ ಕಟ್ಟಿ ಮನೆಯಲ್ಲಿಯೇ ಕೇಳಬಹುದು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ ಹೀಗೆ ಚಂದಾದಾರನಾಗಿದ್ದನು. ಉಬ್ಬಸದಿಂದ ಮನೆ ಬಿಟ್ಟು ಹೊರಡಲಾಗದ ಆತ 1911ರಲ್ಲಿ ದೆಬ್ಯುಸಿಯ ಆಪೆರಾವನ್ನು ಕೇಳಿದ್ದು ಈ ಯಂತ್ರದಿಂದಲೇ. ಆ ಸಂಸ್ಥೆ 1932ರವರೆಗೆ ನಡೆಯಿತು. ಆದರೆ ಕೇಳುವವನು ಶಯ್ಯೆಯ ಮೇಲೆ ಕುಳಿತು ಎಷ್ಟೇ ಕೊಂಡಾಡಿದರೂ ಅದು ಗಾಯಕಿಗೆ ಮುಟ್ಟುವ ಉಪಾಯವಿರಲಿಲ್ಲ.

ರೇಡಿಯೋದ ಕಾಲಕ್ಕೆ ಮರಳುವ ದಾರಿಯೊಂದು ಹುಟ್ಟಿಕೊಂಡಿತು, ಅದು ಅಂಚೆಯ ದಾರಿ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ. ಮುಂದೆ 1950ರ ದಶಕದಲ್ಲಿ ಸಿಲೋನ್ ರೇಡಿಯೋದಿಂದ ಅಮೀನ್ ಸಯಾನಿಯವರು ಚಿತ್ರಗೀತೆಗಳನ್ನು ಬಿತ್ತರಿಸುತ್ತಿದ್ದಾಗ, ಕೋರಿಕೆಯ ಕಾರ್ಡುಗಳು ರಾಶಿರಾಶಿಯಾಗಿ ಬರುತ್ತಿದ್ದವು. ಇಂದಿನ ಜಾರ್ಖಂಡಿನಲ್ಲಿರುವ ಝುಮ್ರಿ ತಲೈಯಾ ಎಂಬ ಸಣ್ಣ ಊರು, ತನ್ನ ಅಭ್ರಕದ ಗಣಿಗಳಿಗಿಂತ ಅಲ್ಲಿನ ಜನ ಬರೆದ ಕಾರ್ಡುಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ತಮ್ಮ ಊರಿನ ಹೆಸರು ರೇಡಿಯೋದಲ್ಲಿ ಕೇಳಿಬರಬೇಕೆಂಬ ಆಸೆ ಹಾಡಿನ ಆಸೆಗಿಂತ ಕಡಮೆಯದೇನೂ ಆಗಿರಲಿಲ್ಲ. ಇಂದು ನೇರಪ್ರಸಾರದ ಪಕ್ಕದ ಅಂಕಣದಲ್ಲಿ ‘ತುಮಕೂರಿನಿಂದ ನಮಸ್ಕಾರ’ ಎಂದು ಬರೆದು, ಗಾಯಕರು ಅದನ್ನು ಓದಿಯಾರೆಂದು ಕಾಯುವವರ ಆಸೆಯೂ ಅದೇ.

ಅಂತರ್ಜಾಲದ ಮೇಲಿನ ಮೊಟ್ಟಮೊದಲ ನೇರ ಕಚೇರಿಗಳಲ್ಲೊಂದು 1993ರ ಜೂನ್ 24ರಂದು ಕ್ಯಾಲಿಫೋರ್ನಿಯಾದ ಸಂಶೋಧನಾಲಯವೊಂದರಲ್ಲಿ ನಡೆಯಿತು. ಕಂಪ್ಯೂಟರ್ ತಜ್ಞರೇ ಬಿಡುವಿನ ವೇಳೆಗೆ ಕಟ್ಟಿಕೊಂಡಿದ್ದ ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ ತಂಡ (ಹೆಸರೇ ಹಾಗೆ!) ನುಡಿಸಿದ್ದನ್ನು ಆಸ್ಟ್ರೇಲಿಯದಲ್ಲಿದ್ದವರು ಅಂಚೆಚೀಟಿಯಷ್ಟು ಚಿತ್ರದಲ್ಲಿ ಕಂಡರು. ಮರುವರ್ಷ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಜಗತ್ಪ್ರಸಿದ್ಧ ತಂಡ ತನ್ನ ಡಲ್ಲಾಸ್ ಕಚೇರಿಯ ಇಪ್ಪತ್ತು ನಿಮಿಷಗಳನ್ನು ಇದೇ ಜಾಲದಲ್ಲಿ ಬಿತ್ತರಿಸಿತು. ಅದಕ್ಕೆ ಮುಂಚೆ, ಕರೆಯದೆಯೇ ಬಂದ ನೆಂಟರಂತೆ, ಈ ತಜ್ಞರ ತಂಡವೂ ಅದೇ ಜಾಲದಲ್ಲಿ ನುಡಿಸಿಬಿಟ್ಟಿತು. ದಾರಿ ಎಲ್ಲರಿಗೂ ತೆರೆದಿದ್ದ ದಿನಗಳವು.

ಇಂದಿನ ಸಂಖ್ಯೆಗಳು ಬೇರೆಯೇ ಪ್ರಮಾಣದವು. 2020ರ ಈಸ್ಟರ್ ದಿನ ಆಂದ್ರೆಯಾ ಬೊಚೆಲ್ಲಿ ಅವರು ಬರಿದಾದ ಮಿಲಾನ್ ಮಹಾದೇವಾಲಯದಲ್ಲಿ ಹಾಡಿದಾಗ, 28 ಲಕ್ಷಕ್ಕೂ ಹೆಚ್ಚು ಜನ ಏಕಕಾಲದಲ್ಲಿ ಕೇಳುತ್ತಿದ್ದ ಗಳಿಗೆಯುಂಟು. ಆದರೂ ಮರಳುವ ದಾರಿಯ ವಿಚಾರದಲ್ಲಿ ಹೆಚ್ಚು ಬುದ್ಧಿ ಓಡಿಸಿದವರು ದಕ್ಷಿಣ ಕೊರಿಯದ ಏಳು ಯುವಕರ ಬಿ.ಟಿ.ಎಸ್. ತಂಡದವರು. ಈ ಹೆಸರನ್ನು ಮನೆಯ ಹಿರಿಯರು ಅರಿಯದಿದ್ದರೆ, ಕಾಲೇಜಿಗೆ ಹೋಗುವ ಮಗಳು ಸಂತೋಷದಿಂದ ವಿವರಿಸಿಯಾಳು. 2020ರ ಅಕ್ಟೋಬರಿನಲ್ಲಿ ಎರಡು ದಿನ ನಡೆದ, ಹಣ ಕೊಟ್ಟು ನೋಡಬೇಕಾದ ಅವರ ಕಚೇರಿಯಲ್ಲಿ, ಆಯ್ದ ಅಭಿಮಾನಿಗಳ ಮುಖಗಳು ವೇದಿಕೆಯ ಸುತ್ತಲಿನ ಪರದೆಗಳ ಮೇಲೆ ಮೂಡಿ, ಅವರ ಕೂಗು ಗಾಯಕರ ಕಿವಿಗೆ ಬೀಳುವಂತೆ ಏರ್ಪಾಡಾಗಿತ್ತು. ಗಾಯಕರಿಗೆ ಬೇಕಾದುದು ಏನೆಂಬುದನ್ನು ಆ ಏರ್ಪಾಟು ಮಾಡಿದವರು ಚೆನ್ನಾಗಿ ಬಲ್ಲವರು.

ಹಾಗಾದರೆ ಸಾಮಾನ್ಯ ನೇರಪ್ರಸಾರದಲ್ಲಿ ಇದೇಕೆ ಆಗುವುದಿಲ್ಲ? ಕಾರಣ ಪ್ರಸಾರದ ರೀತಿಯಲ್ಲಿದೆ. ಸಂಗೀತವು ಅಂತರ್ಜಾಲದಲ್ಲಿ ನಲ್ಲಿಯ ನೀರಿನಂತೆ ಎಡೆಬಿಡದೆ ಹರಿಯುತ್ತದೆಂದು ತೋರುತ್ತದೆಯಾದರೂ, ನಿಜವಾಗಿ ಅದು ಕೊಡಕೊಡವಾಗಿ ಹೊತ್ತು ತಂದ ನೀರು. 2009ರಲ್ಲಿ ಆಪಲ್ ಸಂಸ್ಥೆ ಬಳಕೆಗೆ ತಂದ ಪದ್ಧತಿಯಲ್ಲಿ ಒಂದೊಂದು ಕೊಡಕ್ಕೆ ಹತ್ತು ಸೆಕೆಂಡಿನ ಸಂಗೀತವನ್ನು ತುಂಬಲಾಗುತ್ತಿತ್ತು. ಆಮೇಲೆ ಆರು ಸೆಕೆಂಡು ಸಾಕೆಂದಾಯಿತು. ಕೊಡ ತುಂಬದೆ ಹೊರಡುವಂತಿಲ್ಲ. ಮನೆಯ ಯಂತ್ರವೂ ನಡುವೆ ನಿಂತುಹೋದೀತೆಂಬ ಅಂಜಿಕೆಯಿಂದ ಎರಡು ಮೂರು ಕೊಡಗಳನ್ನು ಹಂಡೆಗೆ ತುಂಬಿಕೊಂಡೇ ಬಳಸಲು ತೊಡಗುತ್ತದೆ. ಹೀಗೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಸೆಕೆಂಡು ಕಳೆಯುತ್ತವೆ. ಮಧ್ಯಮ ಕಾಲದ ಆದಿತಾಳದ ಆವರ್ತವೊಂದಕ್ಕೆ ಸುಮಾರು ಆರೇಳು ಸೆಕೆಂಡು ಹಿಡಿಯುವುದಾದರೆ, ಮೂರು ಆವರ್ತಗಳಷ್ಟು ತಡ! ಕಲ್ಯಾಣಿಗೆ ಹೇಳಿದ ಭೇಷ್ ಗಾಯಕರಿಗೆ ಕಾಣುವ ವೇಳೆಗೆ ಅವರು ಮುಂದಿನ ಕೃತಿಗೆ ಶ್ರುತಿ ನೋಡಿಕೊಳ್ಳುತ್ತಿರುತ್ತಾರೆ.

ಈ ಪದ್ಧತಿಯನ್ನು ಬಿಡಲೂ ಆಗುವುದಿಲ್ಲ, ಏಕೆಂದರೆ ಇದು ಅಗ್ಗ. ತುಂಬಿದ ಕೊಡದ ನಕಲುಗಳನ್ನು ಊರೂರಿನ ಉಗ್ರಾಣಗಳಲ್ಲಿ ಇರಿಸಿ, ಲಕ್ಷ ಜನಕ್ಕೂ ಒಂದೇ ಶ್ರಮದಲ್ಲಿ ಹಂಚಬಹುದು. ವಿಡಿಯೋ ಕರೆಯಲ್ಲಿ ಮಾತನಾಡುವಾಗ ತಡ ಅರ್ಧ ಸೆಕೆಂಡಿಗಿಂತ ಕಡಮೆಯಿರುತ್ತದೆಂಬುದು ನಿಜ. ಆದರೆ ಅಲ್ಲಿ ಪ್ರತಿಯೊಬ್ಬರ ಸಂಪರ್ಕವನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಐವತ್ತು ಜನಕ್ಕೆ ಅದು ಸುಲಭ, ಐದು ಲಕ್ಷಕ್ಕೆ ಬಹು ದುಬಾರಿ.

ತಡದಲ್ಲಿಯೂ ತರತಮವುಂಟು. ‘ಮುಂದೆ ತೋಡಿ ಹಾಡಿರಿ’ ಎಂಬ ಕೋರಿಕೆಯ ಚೀಟಿ ಇಪ್ಪತ್ತು ಸೆಕೆಂಡು ತಡವಾದರೆ ನಷ್ಟವೇನೂ ಇಲ್ಲ. ಭೇಷ್ ಎಂಬುದಕ್ಕೆ ಅರ್ಧ ಸೆಕೆಂಡಿನ ತಡ ಸಹ್ಯ. ತಾಳಕ್ಕೆ ಮಾತ್ರ ಆ ಅರ್ಧ ಸೆಕೆಂಡೂ ಮಾರಕ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯತಕ್ಕದ್ದು. ಬೇರೆ ಬೇರೆ ಕೋಣೆಗಳಲ್ಲಿ ಇಬ್ಬರನ್ನು ಕೂಡಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ತುಸು ತಡವಾಗಿ ಕೇಳುವಂತೆ ಮಾಡಿ, ಇಬ್ಬರೂ ಸೇರಿ ಒಂದು ಲಯವನ್ನು ಹಿಡಿಯುವಂತೆ ಹೇಳಲಾಯಿತು. ತಡ ಹೆಚ್ಚಿದಂತೆ ಕಾಲ ಇಳಿಯುತ್ತಾ ಹೋಯಿತು. ಅದು ನಿರೀಕ್ಷಿತವೇ. ಸೋಜಿಗವೆಂದರೆ, ತಡ ತೀರ ಕಡಮೆಯಾದಾಗ ಕಾಲ ಓಡತೊಡಗಿತು! ಸುಮಾರು 11.5 ಮಿಲಿಸೆಕೆಂಡು, ಅಂದರೆ ಶಬ್ದವು ಗಾಳಿಯಲ್ಲಿ ನಾಲ್ಕು ಮೀಟರು ಸಾಗುವಷ್ಟು ಹೊತ್ತು, ಲಯ ನೆಲೆ ನಿಲ್ಲಲು ಅನುಕೂಲವಾದ ತಡವೆಂದು ಕಂಡುಬಂದಿತು. ಒಂದೇ ಕೋಣೆಯ ಎರಡು ಕೊನೆಗಳಲ್ಲಿ ಕುಳಿತವರ ನಡುವಣ ಅಂತರ ಅದು.

ದೂರದಲ್ಲಿರುವ ಶಿಷ್ಯರಿಗೆ ಅಂತರ್ಜಾಲದಲ್ಲಿ ಪಾಠ ಹೇಳುವ ಗುರುಗಳು ಇದನ್ನು ಯಾವ ಪ್ರಯೋಗವೂ ಇಲ್ಲದೆ ಬಲ್ಲರು. ಗುರುವೂ ಶಿಷ್ಯೆಯೂ ಕೂಡಿ ಹಾಡಿದರೆ ಕಿವಿಗೆ ಎರಡು ಹಾಡು. ಆದುದರಿಂದ ಒಬ್ಬರು ಹಾಡಿ ನಿಲ್ಲಿಸಬೇಕು, ಇನ್ನೊಬ್ಬರು ಆಮೇಲೆ ಒಪ್ಪಿಸಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದವರೂ ಇದಕ್ಕೆ ತಲೆಬಾಗಿದರು. 2020ರ ಏಪ್ರಿಲ್ 25ರಂದು ನಾಲ್ವತ್ತಕ್ಕೂ ಹೆಚ್ಚು ಗಾಯಕರು ತಮ್ಮ ತಮ್ಮ ಮನೆಗಳಿಂದ ಹಾಡಿದ ವಿಶೇಷ ಕಾರ್ಯಕ್ರಮದಲ್ಲಿ, ವಾದ್ಯವೃಂದ ಮತ್ತು ಮೇಳಗಾಯನದ ಭಾಗಗಳನ್ನು ಒಬ್ಬೊಬ್ಬರಿಂದ ಮುಂಚಿತವಾಗಿ ಮುದ್ರಿಸಿಕೊಂಡು ಹೊಲಿದು ಸೇರಿಸಲಾಗಿತ್ತು.

ಇನ್ನು ಹಣದ ಮಾತು. ಕೇಳುಗರು ಮೆಚ್ಚಿ ಕೊಡುವ ಸಂಭಾವನೆಗೆ ಯೂಟ್ಯೂಬಿನವರು 2017ರಲ್ಲಿ ‘ಸೂಪರ್ ಚಾಟ್’ ಎಂಬ ಏರ್ಪಾಟನ್ನು ಮಾಡಿದರು. ಹತ್ತರಲ್ಲಿ ಏಳು ಪಾಲು ಕಲಾವಿದರಿಗೆ, ಉಳಿದುದು ಸಂಸ್ಥೆಗೆ. ಸಭಾಮಂದಿರದ ಬಾಡಿಗೆ, ಶಾಮಿಯಾನ, ಭಿತ್ತಿಪತ್ರ ಇವನ್ನೆಲ್ಲ ಲೆಕ್ಕ ಹಾಕಿದರೆ ಇದು ಅನ್ಯಾಯವೇನಲ್ಲ. ಅನ್ಯಾಯ ಬೇರೊಂದು ಕಡೆಯಿಂದ ಬರುತ್ತದೆ. 2018ರಲ್ಲಿ ಜೇಮ್ಸ್ ರೋಡ್ಸ್ ಎಂಬ ಪಿಯಾನೋವಾದಕರು ಬಾಖ್‌ನ ಕೃತಿಯೊಂದನ್ನು ಸ್ವತಃ ನುಡಿಸಿ ಫೇಸ್‌ಬುಕ್ಕಿನಲ್ಲಿ ಹಾಕಿದಾಗ, ಅದರ 47 ಸೆಕೆಂಡುಗಳು ಧ್ವನಿಮುದ್ರಿಕೆಯ ಕಂಪನಿಯೊಂದಕ್ಕೆ ಸೇರಿದುವೆಂದು ಯಂತ್ರವೇ ತೀರ್ಮಾನಿಸಿ ಮೌನಗೊಳಿಸಿತು. ಬಾಖ್ ತೀರಿಕೊಂಡದ್ದು 1750ರಲ್ಲಿ! ಗದ್ದಲವಾದ ಮೇಲೆ ಆ ಹಕ್ಕಿನ ಮಾತು ಹಿಂದೆ ಸರಿಯಿತು. ನೇರಪ್ರಸಾರದ ನಡುವೆ ಹೀಗಾದರೆ ಗದ್ದಲ ಮಾಡಲು ಸಮಯವೆಲ್ಲಿ?

ಮಂದಿರಗಳು ಮತ್ತೆ ತೆರೆದೊಡನೆ ಬಹುಮಂದಿ ಕೇಳುಗರು ಪರದೆಯನ್ನು ಬಿಟ್ಟು ಕುರ್ಚಿಗೆ ಮರಳಿದರು. ಅದು ಸಹಜ, ಸಂತೋಷದ ವಿಷಯವೂ ಹೌದು. ಆದರೆ ಎಲ್ಲರೂ ಮರಳುವಂತಿಲ್ಲ. ಮೊಣಕಾಲಿನ ನೋವಿನಿಂದ ಮೆಟ್ಟಿಲು ಹತ್ತಲಾಗದ ಅಜ್ಜಿ, ರಾತ್ರಿ ಪಾಳಿಯ ನರ್ಸು, ಹೊರದೇಶದಲ್ಲಿ ನೆಲೆಸಿದ ಮಗ, ಇವರೆಲ್ಲ ಪ್ರೂಸ್ಟನ ಸಾಲಿನವರು. ಲಂಡನ್ನಿನ ವಿಗ್ಮೋರ್ ಹಾಲ್ 2020ರ ಜೂನ್ 1ರಂದು ಸ್ಟೀವನ್ ಹಫ್ ಅವರ ಪಿಯಾನೋವಾದನದಿಂದ ಆರಂಭಿಸಿದ ನೇರಪ್ರಸಾರವನ್ನು, ಜನ ಮರಳಿ ಬಂದ ಮೇಲೂ ನಿಲ್ಲಿಸಲಿಲ್ಲ. ಸುಮಾರು 550 ಆಸನಗಳ ಮಂದಿರ ಅದು. ಬಡಾವಣೆಯ ಸಣ್ಣ ಸಂಗೀತ ಸಭೆಗಳು ಕಲಿಯಬೇಕಾದುದು ಇಂತಹ ಮಂದಿರದಿಂದ, ಮಿಲಾನ್ ನಗರದ ಲಕ್ಷಗಳಿಂದಲ್ಲ. ಎದುರಿಗೆ ನೂರು ಜನ ಕುಳಿತಿರಲಿ; ಪಕ್ಕದ ಪರದೆಯ ಮೇಲೆ, ವಿಡಿಯೋ ಕರೆಯ ರೀತಿಯಲ್ಲಿ, ಮನೆಗಳಲ್ಲಿರುವ ಐವತ್ತು ಮುಖಗಳು ಗಾಯಕರಿಗೆ ಕಾಣಲಿ. ಅಜ್ಜಿಯ ತಲೆ ತೂಗಿದ್ದು ಅರ್ಧ ಸೆಕೆಂಡಿನಲ್ಲಿ ಕಂಡರೆ ಸ್ವರಪ್ರಸ್ತಾರ ಇನ್ನೆರಡು ಆವರ್ತ ಬೆಳೆದೀತು. ಉಳಿದ ಸಾವಿರ ಜನಕ್ಕೆ ಕೊಡದ ನೀರೇ ಆಗಬಹುದು.

ದೂರದಿಂದ ಪಕ್ಕವಾದ್ಯ ನುಡಿಸುವುದರ ಮಾತು ಬೇರೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಬೆಂಗಳೂರಿನಿಂದ ಧಾರವಾಡ ಸುಮಾರು 430 ಕಿಲೋಮೀಟರು, ಎರಡು ಮಿಲಿಸೆಕೆಂಡಿನ ದಾರಿ. ನಡುವಣ ಯಂತ್ರಗಳು ತಮ್ಮ ತಡವನ್ನು ಕಡಮೆ ಮಾಡಿಕೊಂಡರೆ, ಧಾರವಾಡದ ತಬಲಾವಾದಕರು ಬೆಂಗಳೂರಿನ ಗಾಯಕರಿಗೆ ತಮ್ಮ ಮನೆಯಲ್ಲಿಯೇ ಕುಳಿತು ಸಾಥ್ ಕೊಡುವುದಕ್ಕೆ ಪ್ರಕೃತಿಯ ಅಡ್ಡಿಯಿಲ್ಲ. ಅಂತಹ ತಂತ್ರಗಳನ್ನು ಸ್ಟ್ಯಾನ್‌ಫರ್ಡಿನವರೇ ರೂಪಿಸಿದ್ದಾರೆ. ನ್ಯೂಯಾರ್ಕಾದರೋ 13,000 ಕಿಲೋಮೀಟರಿಗೂ ಆಚೆ. ಅಲ್ಲಿಗೆ 65 ಮಿಲಿಸೆಕೆಂಡಿಗಿಂತ ಬೇಗ ಬೆಳಕೂ ಮುಟ್ಟಲಾರದು. ಅಲ್ಲಿರುವ ಮಗ ಬೆಂಗಳೂರಿನ ಕಚೇರಿಗೆ ಮೃದಂಗ ನುಡಿಸಲಾರ, ಭೇಷ್ ಎನ್ನಬಲ್ಲ.