ನೊರೆಯ ನದಿಯಿಂದ ಹೊಗೆಯ ಕಲ್ಲಿಗೆ

ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ಮೊದಲ ಊರು ಜೂಜುವಾಡಿ. ಹೆಸರು ಗೊತ್ತಿಲ್ಲದವರು ಕೂಡ ಇಲ್ಲಿ ಒಮ್ಮೆಯಾದರೂ ನಿಂತಿರುತ್ತಾರೆ. ಚೆಕ್‌ಪೋಸ್ಟು, ಲಾರಿಗಳ ಸಾಲು, ಅಂಗಡಿ ಬೋರ್ಡುಗಳ ಮೇಲೆ ಕನ್ನಡ ಸರಿದು ತಮಿಳು ಬಂದು ಕೂರುವ ಜಾಗ ಇದು. ಹಿಂದೆ ಪಂಚಾಯಿತಿಯಾಗಿದ್ದ ಊರು ಈಗ ಹೊಸೂರಿನ ಹೊಟ್ಟೆಯೊಳಗೆ ಸೇರಿಹೋಗಿದೆ. ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯೂ ಆಯಿತು. ಒಂದು ಪಕ್ಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ, ಇನ್ನೊಂದು ಪಕ್ಕದಲ್ಲಿ ಶಿಫ್ಟು ಮುಗಿಸಿ ಬರುವವರಿಗಾಗಿ ಎದ್ದ ಬಾಡಿಗೆ ಮನೆಗಳು. ಟೈಟಾನ್ ಗಡಿಯಾರ, ಟಿವಿಎಸ್ ಬೈಕು, ಅಶೋಕ್ ಲೇಲ್ಯಾಂಡ್ ಲಾರಿ ಎಲ್ಲವೂ ಈ ಹೊಸೂರಿನವೇ.

ಇಲ್ಲಿಂದ ಹೊಗೇನಕಲ್‌ಗೆ ಹೊರಟವರು ಸಾಮಾನ್ಯವಾಗಿ ಹೆದ್ದಾರಿ ಹಿಡಿದು ಕೃಷ್ಣಗಿರಿ, ಧರ್ಮಪುರಿ, ಪೆನ್ನಾಗರದ ಮೇಲೆ ಹೋಗಿಬಿಡುತ್ತಾರೆ. ರಸ್ತೆ ಚೆನ್ನಾಗಿದೆ, ಟೋಲ್ ಇದೆ, ಬಿರಿಯಾನಿ ಸಿಗುತ್ತದೆ. ನೋಡಲು ಮಾತ್ರ ಹೆಚ್ಚೇನಿಲ್ಲ. ಇನ್ನೊಂದು ದಾರಿ ಹೊಸೂರಿನಲ್ಲಿ ಬಲಕ್ಕೆ ಒಡೆದು ಮತ್ತಿಗಿರಿ, ಡೆಂಕಣಿಕೋಟೆ, ಅಂಚೆಟ್ಟಿ, ನಾಟ್ರಾಂಪಾಳ್ಯ ಹಾಯ್ದು ಕಾಡಿನ ನಡುವೆ ನದಿಗಿಳಿಯುತ್ತದೆ. ಸುಮಾರು 90 ಕಿಲೋಮೀಟರ್. ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿರುವ ಹೊಸೂರಿನ ತಂಪಿನಿಂದ ಹೊರಟವರು 250 ಮೀಟರ್ ಎತ್ತರದ ಕಾವೇರಿ ಕಣಿವೆಯ ಬೇಗೆಗೆ ಬಂದು ಬೀಳುತ್ತಾರೆ. ಬೆಂಗಳೂರಿನ ಇಷ್ಟು ಹತ್ತಿರ ಇಷ್ಟು ಒಂಟಿಯಾದ ಸೀಮೆ ಇದೆಯೆಂದು ನಂಬುವುದು ಕಷ್ಟ.

ಕಾವೇರಿಗೆ ಹೋಗುವ ಮುನ್ನ ಈ ನೆಲದ ಇನ್ನೊಂದು ನದಿಯನ್ನು ನೋಡಬೇಕು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಹರಿದು ಹೊಸೂರಿನ ಹೊರಗೆ ತಮಿಳುನಾಡು ಸೇರುತ್ತದೆ. ಇಲ್ಲಿಂದ ಮುಂದೆ ಅದು ತೆನ್‌ಪೆಣ್ಣೈ. ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟು ಅದಕ್ಕೆ ಸಿಗುವ ಮೊದಲ ದೊಡ್ಡ ತಡೆ. ಜೋರು ಮಳೆ ಬಂದು ತೂಬು ಎತ್ತಿದ ದಿನ ಇಲ್ಲಿ ಕಾಣುವುದು ನೀರಲ್ಲ, ನೊರೆ. ಬಿಳಿ ಗುಡ್ಡೆಗಳು ಒಂದರ ಮೇಲೊಂದು ಏರಿ, ಗಾಳಿಗೆ ಹಾರಿ, ಹೊಲಗಳಿಗೂ ರಸ್ತೆಗೂ ಬಂದು ಕೂರುತ್ತವೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ಬಂದು ಸೇರುವುದು ಇದೇ ನದಿಗೆ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹೊತ್ತಿಕೊಂಡಾಗ ಬೆಂಗಳೂರಿನವರು ಬಾಲ್ಕನಿಗೆ ಬಂದು ವಿಡಿಯೊ ಮಾಡಿದರು. ಅದರ ಕೆಳದಿಕ್ಕಿನ ರೈತರಿಗೆ ಆ ನೀರು ಪ್ರತಿದಿನದ ವ್ಯವಹಾರ. ಟೊಮೆಟೊ, ಪುದೀನ, ಕೊತ್ತಂಬರಿ, ಎಲೆಕೋಸು ಬೆಳೆಯುವ ಈ ಸೀಮೆಯ ತರಕಾರಿ ಹತ್ತುವುದು ಹೆಚ್ಚಾಗಿ ಬೆಂಗಳೂರಿನ ಲಾರಿಯನ್ನೇ. ಕೊಟ್ಟದ್ದು ಹೀಗೆ ವಾಪಸು ಹೋಗುತ್ತದೆ ಎಂದರೆ ಕಹಿಯಾದೀತು, ಸುಳ್ಳಾಗಲಾರದು.

ಮತ್ತಿಗಿರಿ ಬರುವ ಹೊತ್ತಿಗೆ ಫ್ಯಾಕ್ಟರಿ ಗೋಡೆಗಳು ಮುಗಿದು ಹುಲ್ಲುಗಾವಲು ಶುರುವಾಗುತ್ತದೆ. ಬ್ರಿಟಿಷರು 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ತೆರೆದ ಫಾರಂ ಈಗ ಸರ್ಕಾರದ ಜಾನುವಾರು ಸಾಕಣೆ ಕೇಂದ್ರ. ಅಲ್ಲಿಂದ ತಳಿಯ ಕಡೆಗೆ ಹೊರಳಿದರೆ ಪಾಲಿಹೌಸುಗಳ ಬಿಳಿ ಛಾವಣಿಗಳು. ಪ್ರೇಮಿಗಳ ದಿನ ಹತ್ತಿರ ಬಂದಾಗ ಹೊರದೇಶಗಳಿಗೆ ವಿಮಾನ ಹತ್ತುವ ಗುಲಾಬಿ ಇಲ್ಲಿ ಬೆಳೆಯುತ್ತದೆ. ತಣ್ಣನೆ ಹವೆ ಕಂಡು ಬ್ರಿಟಿಷರು ತಳಿಯನ್ನು ಪುಟ್ಟ ಇಂಗ್ಲೆಂಡ್ ಎಂದರಂತೆ. ಪ್ರವಾಸೋದ್ಯಮದ ಫಲಕಗಳು ಇಂದಿಗೂ ಆ ಮಾತನ್ನು ಬಿಟ್ಟಿಲ್ಲ.

ತಳಿಯ ಆಚೆಗಿರುವ ಗುಮ್ಮಳಾಪುರದ ಬಗ್ಗೆ ಅಂಥ ಫಲಕ ಯಾರೂ ಹಾಕಿಲ್ಲ. ಕನ್ನಡಿಗರಿಗೆ ನೆನಪಿರಬೇಕಾದದ್ದು ಅದೇ ಊರು. ಅಲ್ಲಮನ ಸುತ್ತ ವಚನಗಳನ್ನು ಸಂವಾದದ ರೂಪದಲ್ಲಿ ಪೋಣಿಸಿದ ಶೂನ್ಯಸಂಪಾದನೆಗಳು ನಾಲ್ಕು. ಅದರಲ್ಲೊಂದನ್ನು ಸಂಪಾದಿಸಿದವರು ಗುಮ್ಮಳಾಪುರದ ಸಿದ್ಧಲಿಂಗ ಯತಿ. ಕನ್ನಡ ಎಂ.ಎ. ಓದಿದವರೆಲ್ಲ ಈ ಹೆಸರನ್ನು ಪರೀಕ್ಷೆಗೆ ಬರೆದಿರುತ್ತಾರೆ. ಊರು ನೋಡಿದವರು ವಿರಳ. ಊರಿಗೆ ಜನ ಬರುವುದು ಗೌರಮ್ಮನ ಜಾತ್ರೆಗೆ. ಆಗ ಆನೇಕಲ್, ಕನಕಪುರದ ಕಡೆಯಿಂದ ಬರುವ ಭಕ್ತರ ನಡುವೆ ನಿಂತರೆ ತಮಿಳುನಾಡಿನಲ್ಲಿದ್ದೇವೆ ಎಂದು ನೆನಪಿಸಲು ಬಸ್ಸಿನ ಬೋರ್ಡೇ ಬೇಕು. ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಇವೆ. ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದ 2006ರ ಕಾಯ್ದೆ ಬಂದ ಮೇಲೆ ಭಾಷಾ ಅಲ್ಪಸಂಖ್ಯಾತರು ಹತ್ತನೇ ತರಗತಿಯ ಪರೀಕ್ಷೆಗೆ ವಿನಾಯಿತಿ ಕೇಳಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸಂತೆಯಲ್ಲಿ ಈ ಗೋಜಲಿಲ್ಲ. ವ್ಯಾಪಾರಿ ಕನ್ನಡದಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಚೌಕಾಸಿಗೆ ಇಳಿದು, ತಮಿಳಿನಲ್ಲಿ ಚಿಲ್ಲರೆ ಕೊಡುತ್ತಾನೆ.

ಡೆಂಕಣಿಕೋಟೆ ಈ ದಾರಿಯ ದೊಡ್ಡ ಪೇಟೆ. ಬೆಟ್ಟರಾಯಸ್ವಾಮಿ ದೇವಸ್ಥಾನ, ತಾಲ್ಲೂಕು ಕಚೇರಿ, ರಾಗಿ ಮಂಡಿ, ಎಲ್ಲ ದಿಕ್ಕಿಗೂ ಹೊರಡುವ ಮಿನಿ ಬಸ್ಸುಗಳು. ಇಲ್ಲಿಗೆ ಬಂದ ಕನ್ನಡ ಓದುಗನಿಗೆ ಊರುಗಳ ಹೆಸರೆಲ್ಲ ಎಲ್ಲೋ ಕೇಳಿದ ಹಾಗೆ ಅನ್ನಿಸಿದರೆ ಅದಕ್ಕೆ ತೇಜಸ್ವಿ ಕಾರಣ. ಬೆಂಗಳೂರಿನಲ್ಲಿದ್ದ ಕೆನೆತ್ ಆಂಡರ್ಸನ್ ಬಂದೂಕು ಹಿಡಿದು ಅಲೆದದ್ದು ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಯ ಈ ಕಾಡುಗಳಲ್ಲೇ. 1954ರಲ್ಲಿ ಬಂದ ಅವನ ಮೊದಲ ಪುಸ್ತಕ ಶುರುವಾಗುವುದು ಜವಳಗಿರಿಯ ನರಭಕ್ಷಕ ಹೆಣ್ಣು ಹುಲಿಯಿಂದ. ಅವನ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಎಂದು ನಾಲ್ಕು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಎಷ್ಟೋ ಹೈಸ್ಕೂಲು ಹುಡುಗರ ಮಟ್ಟಿಗೆ ಕಾಡು ಎಂದರೆ ಇವತ್ತಿಗೂ ಆ ಪುಸ್ತಕಗಳೇ.

ಈಗ ಇಲ್ಲಿನವರ ಮಾತಿನಲ್ಲಿರುವುದು ಹುಲಿಯಲ್ಲ, ಆನೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಾಡಿನಿಂದ ಹಿಂಡುಗಳು ತಳಿ, ಜವಳಗಿರಿಯ ಮೇಲೆ ಹಾದು ಹೊಸೂರಿನ ಪಕ್ಕದ ಸಾನಮಾವು ಕಾಡಿನವರೆಗೂ ಬರುತ್ತವೆ. ವರ್ಷವರ್ಷವೂ ಇದೇ ಪಾಠ. ಹಗಲು ಕಾಡಿನಂಚಿನಲ್ಲಿ ನಿಂತು, ಕತ್ತಲಾದ ಮೇಲೆ ಹೊಲಕ್ಕಿಳಿಯುತ್ತವೆ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು, ಮೇಲೆ ಸೋಗೆ ಹೊದಿಸಿದ ಅಟ್ಟಣೆ. ಅದರಲ್ಲೊಂದು ಟಾರ್ಚು, ತಗಡಿನ ಡಬ್ಬ, ಒಂದಿಷ್ಟು ಪಟಾಕಿ, ಕಂಬಳಿ. ಕೆಳಗೆ ಬೂದಿ ಮುಚ್ಚಿದ ಕೆಂಡ. ಇಷ್ಟೇ ರೈತನ ಸರಂಜಾಮು. ಒಂದು ಹಿಂಡು ಒಂದು ರಾತ್ರಿ ಹೊಕ್ಕರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಕೊಯ್ದು ಕಟ್ಟಿಟ್ಟ ಮೆದೆಯನ್ನೂ ಬಿಡುವುದಿಲ್ಲ. ಅರಣ್ಯ ಇಲಾಖೆಯವರು ಡ್ರೋನ್ ಹಾರಿಸಿ, ಪಟಾಕಿ ಸಿಡಿಸಿ ಕಾಡಿಗಟ್ಟುತ್ತಾರೆ. ಗಡಿಯ ಎರಡೂ ಕಡೆಯ ಇಲಾಖೆಗಳು ಹೀಗೆ ಅಟ್ಟುತ್ತಿರುವಾಗ ಆನೆಗೆ ಹೋಗಲು ಉಳಿದಿರುವ ಜಾಗ ಎಷ್ಟು ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ. ತಮಿಳುನಾಡು 2014ರಲ್ಲಿ ಕಾವೇರಿ ಉತ್ತರ, 2022ರ ನವೆಂಬರಿನಲ್ಲಿ 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಧಾಮಗಳನ್ನು ಘೋಷಿಸಿತು. ಎರಡನೆಯದು ಆಚೆ ದಡದ ಕರ್ನಾಟಕದ ಕಾವೇರಿ ವನ್ಯಧಾಮಕ್ಕೆ ಕೊಂಡಿ.

ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಘಟ್ಟದ ರಸ್ತೆ. ತಿರುವಿಗೊಂದು ಬಂಡೆ, ಬಿದಿರ ಮೆಳೆ, ಬೇಸಿಗೆಯಲ್ಲಿ ಎಲೆಯುದುರಿ ಬೋಳಾದ ಗುಡ್ಡಗಳು. ಅಂಚೆಟ್ಟಿ ಈಗ ತಾಲ್ಲೂಕು ಕೇಂದ್ರ, ಆದರೂ ಒಂದೇ ಬೀದಿಯ ಊರಿನ ಚಹರೆ ಹೋಗಿಲ್ಲ. ಪಕ್ಕದಲ್ಲಿ ಕಾವೇರಿಗೆ ಹೊರಟ ದೊಡ್ಡಹಳ್ಳ, ವರ್ಷದ ಬಹುಕಾಲ ಬರೀ ಮರಳು. ಇಲ್ಲಿಂದಾಚೆ ಇರುಳರ ಹಾಡಿಗಳು, ಲಂಬಾಣಿ ತಾಂಡಾಗಳು, ಲಿಂಗಾಯತರ, ಕುರುಬರ ದೊಡ್ಡಿಗಳು. ಮೊಬೈಲ್ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಪೆಟ್ರೋಲ್ ಅಂಚೆಟ್ಟಿಗೆ ಬರುವ ಮುನ್ನವೇ ತುಂಬಿಸಿಕೊಳ್ಳುವುದು, ಬೆಳಕಿರುವಾಗಲೇ ಕಾಡು ದಾಟುವುದು ಕ್ಷೇಮ.

ನದಿಯ ಕಡೆಗೆ ಇಳಿದ ಮೇಲೆ ಸಿಗುವ ಒಂದು ಹಳ್ಳಿಯ ಹೆಸರು ಇಡೀ ದಕ್ಷಿಣ ಭಾರತಕ್ಕೆ ಗೊತ್ತು: ಬಿಳಿಗುಂಡ್ಲು. ಕಾವೇರಿ ಕರ್ನಾಟಕದಿಂದ ತಮಿಳುನಾಡಿಗೆ ಎಷ್ಟು ಹರಿಯಿತು ಎಂದು ಕೇಂದ್ರ ಜಲ ಆಯೋಗ ಅಳೆಯುವುದು ಇಲ್ಲಿ. ಅಳತೆಯ ಕೆಲಸ ಕೇಳಲು ಸರಳ. ದಡದಲ್ಲಿ ನೆಟ್ಟ ಅಳತೆಪಟ್ಟಿಯಲ್ಲಿ ನೀರಿನ ಮಟ್ಟ ಓದಬೇಕು, ನದಿಯ ಅಡ್ಡಕೊಯ್ತದ ಉದ್ದಕ್ಕೂ ಹಲವು ಕಡೆ ವೇಗ ನೋಡಬೇಕು, ವಿಸ್ತೀರ್ಣಕ್ಕೆ ವೇಗ ಗುಣಿಸಿದರೆ ಕ್ಯೂಸೆಕ್ ಸಿಕ್ಕಿತು. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ನ್ಯಾಯಮಂಡಳಿ 2007ರ ಐತೀರ್ಪಿನಲ್ಲಿ ವರ್ಷಕ್ಕೆ 192 ಟಿಎಂಸಿ ಎಂದಿತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಅದನ್ನು 177.25ಕ್ಕೆ ಇಳಿಸಿತು. ಜೂನಿನಲ್ಲಿ 9.19, ಆಗಸ್ಟಿನಲ್ಲಿ 45.95, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5. ಈ ಪಟ್ಟಿ ತಪ್ಪಿದ ವರ್ಷ ಮಂಡ್ಯದಲ್ಲಿ ರಸ್ತೆ ಬಂದ್, ತಂಜಾವೂರಿನಲ್ಲಿ ಧರಣಿ. ಅಷ್ಟೆಲ್ಲ ರಂಪಕ್ಕೆ ಕಾರಣವಾಗುವ ಅಂಕಿ ಹುಟ್ಟುವ ಜಾಗದಲ್ಲಿ ಬಂಡೆ, ಮತ್ತಿಮರ, ನೀರುನಾಯಿ, ಬಿಸಿಲಿಗೆ ಬಾಯಿ ತೆರೆದು ಮಲಗಿದ ಮೊಸಳೆ. ಇಲ್ಲಿಂದ ಮೇಲಕ್ಕೆ ಹೋದರೆ ಕರ್ನಾಟಕ 67 ಟಿಎಂಸಿಯ ಜಲಾಶಯ ಕಟ್ಟಬೇಕೆಂದಿರುವ ಮೇಕೆದಾಟು.

ಹೊಗೇನಕಲ್ ಊರಿನ ಮೊದಲ ಪರಿಚಯ ಮೂಗಿಗೆ. ಹುರಿದ ಮೀನಿನ ಮಸಾಲೆ, ಮಾಲೀಷಿನ ಎಣ್ಣೆ, ಒದ್ದೆ ಬಟ್ಟೆಯ ವಾಸನೆ ಬೆರೆತು ಬರುತ್ತದೆ. ಮೀನು ಕೊಂಡು ಸೌದೆ ಒಲೆ ಹೂಡಿ ಕೂತ ಹೆಂಗಸರ ಕೈಗೆ ಕೊಟ್ಟರೆ ಜಲಪಾತ ನೋಡಿ ಬರುವಷ್ಟರಲ್ಲಿ ಊಟ ಸಿದ್ಧ. ವಾರಾಂತ್ಯದ ಗಿರಾಕಿಗಳಲ್ಲಿ ಬೆಂಗಳೂರಿನವರ ಪಾಲು ದೊಡ್ಡದಾದ್ದರಿಂದ ಅಂಬಿಗರು ಕನ್ನಡದಲ್ಲೇ ಕರೆಯುತ್ತಾರೆ. ಮಣಿರತ್ನಂ 'ರೋಜಾ'ದ ಹಾಡಿಗೆ ಇಲ್ಲಿಗೆ ಬಂದದ್ದು, ಆಡಿ ಹದಿನೆಂಟರ ಸ್ನಾನದ ಜಂಗುಳಿ, ಇವೆಲ್ಲ ಎಲ್ಲರೂ ಹೇಳುವ ಸಂಗತಿಗಳು. ಕಡಿಮೆ ಜನ ಹೇಳುವುದು ಕಲ್ಲಿನ ಕಥೆ. ಇಲ್ಲಿನ ಕಾರ್ಬೊನಟೈಟ್ ಶಿಲೆಗಳ ವಯಸ್ಸು ಸುಮಾರು 240 ಕೋಟಿ ವರ್ಷ. ಭೂಮಿಯ ಆಳದಿಂದ ಎದ್ದ ಸುಣ್ಣದಂಶದ ಶಿಲಾರಸ ಗಟ್ಟಿಯಾದದ್ದು. ಜಗತ್ತಿನಲ್ಲಿ ಈ ಜಾತಿಯ ಇಷ್ಟು ಹಳೆಯ ಶಿಲೆಗಳು ಕೆಲವೇ ಕಡೆ ಇವೆ.

ಊರಿನ ಜೀವ ಇರುವುದು ಹರಿಗೋಲಿನಲ್ಲಿ. ದಡದಲ್ಲಿ ಬೋರಲು ಹಾಕಿದ ಒಂದನ್ನು ಬಗ್ಗಿ ನೋಡಬೇಕು. ಸೀಳಿದ ಬಿದಿರ ಪಟ್ಟಿಗಳನ್ನು ತಳದಲ್ಲಿ ಅಡ್ಡಡ್ಡ ಹೆಣೆದು, ಅಂಚಿಗೆ ದಪ್ಪ ಬಳೆ ಕಟ್ಟಿರುತ್ತಾರೆ. ಹಿಂದೆ ಅದಕ್ಕೆ ದನದ ಚರ್ಮ ಹೊದಿಸುತ್ತಿದ್ದರು. ಈಗ ಗೊಬ್ಬರದ ಚೀಲದಂಥ ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು. ಚುಕ್ಕಾಣಿ ಇಲ್ಲ, ಮೂತಿ ಇಲ್ಲ, ಒಂದೇ ಹುಟ್ಟು. ನೀರಿನ ಸೆಳೆತಕ್ಕೆ ಎದುರಾಗಿ ಹುಟ್ಟನ್ನು ಎಂಟರ ಆಕಾರದಲ್ಲಿ ಆಡಿಸಿದರೆ ಮುಂದೆ ಸಾಗುತ್ತದೆ. ಪ್ರವಾಸಿಗರು ಕಿರುಚಲಿ ಎಂದು ಬುಗುರಿಯಂತೆ ಗಿರ್ರನೆ ತಿರುಗಿಸುವುದೂ ಅದರಿಂದಲೇ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಕಂಡ, ಚರ್ಮ ಹೊದಿಸಿದ ಬುಟ್ಟಿದೋಣಿಗಳ ವಿಚಾರ ಬರೆದಿಟ್ಟಿದ್ದಾನೆ. ಲೈಫ್ ಜಾಕೆಟ್ ಒಂದನ್ನು ಬಿಟ್ಟರೆ ಅಂದಿನಿಂದ ಹೊಸದಾಗಿ ಸೇರಿದ್ದು ಕಡಿಮೆ.

ಈ ದುಡಿಮೆಯ ಲಗಾಮು ಬಿಳಿಗುಂಡ್ಲುವಿನ ಅಂಕಿಯ ಕೈಯಲ್ಲಿದೆ. ಹರಿವು ಏರತೊಡಗಿತೋ, ಧರ್ಮಪುರಿ ಜಿಲ್ಲಾಡಳಿತ ಹರಿಗೋಲು ನಿಲ್ಲಿಸುತ್ತದೆ. 2024ರ ಜುಲೈ ಕೊನೆಗೆ ಮೆಟ್ಟೂರು ಜಲಾಶಯ ತನ್ನ 120 ಅಡಿ ಮುಟ್ಟಿದಾಗ ಹೊಗೇನಕಲ್‌ನಲ್ಲಿ ಬಂಡೆಗಳೇ ಮುಳುಗಿದ್ದವು. ಟಿವಿಯಲ್ಲಿ ಅದು ರುದ್ರರಮಣೀಯ ದೃಶ್ಯ. ಅಂಬಿಗನಿಗೆ ಅದು ಕೂಲಿ ಇಲ್ಲದ ವಾರಗಳು. ನೀರು ತೀರಾ ಇಳಿದರೂ ಅಷ್ಟೇ, ಗಿರಾಕಿ ಬರುವುದಿಲ್ಲ. ಕೃಷ್ಣರಾಜಸಾಗರದ, ಕಬಿನಿಯ ಗೇಟಿನ ಸುದ್ದಿಯನ್ನು ಮಂಡ್ಯದ ರೈತನಷ್ಟೇ ಕಿವಿಗೊಟ್ಟು ಕೇಳುವವರು ಇವರು.

ನದಿಯ ಮೇಲೊಂದು ಪಂಪ್‌ಹೌಸ್ ಇದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟಿ, ದೊಡ್ಡವರಿಗೆ ಬಗ್ಗದ ಬೆನ್ನು. ಜಪಾನಿನ ಸಾಲ ಪಡೆದು ಹೊಗೇನಕಲ್ ನೀರನ್ನು ಎರಡೂ ಜಿಲ್ಲೆಗೆ ಮುಟ್ಟಿಸುವ ಯೋಜನೆಗೆ 2008ರ ಫೆಬ್ರುವರಿಯಲ್ಲಿ ಕರುಣಾನಿಧಿ ಅಡಿಗಲ್ಲು ಹಾಕಿದರು. ಕರ್ನಾಟಕದಲ್ಲಿ ಪ್ರತಿಭಟನೆ ಭುಗಿಲೆದ್ದು ತಮಿಳು ಸಿನಿಮಾಗಳ ಪ್ರದರ್ಶನ ನಿಂತಿತು. 2013ರ ಮೇನಲ್ಲಿ ಜಯಲಲಿತಾ ಯೋಜನೆಗೆ ಚಾಲನೆ ಕೊಟ್ಟರು. ಆ ಪೈಪು ಏರುವ ದೂರದಲ್ಲಿ ಹೊಸೂರೂ ಇದೆ. ತಳಿ, ಡೆಂಕಣಿಕೋಟೆಯ ಕನ್ನಡ ಮಾತಾಡುವ ಮನೆಗಳೂ ಇದೇ ಎರಡು ಜಿಲ್ಲೆಯ ಲೆಕ್ಕದಲ್ಲಿವೆ ಎಂಬುದು ಬೆಂಗಳೂರಿನ ಘೋಷಣೆಗಳಲ್ಲಿ ಕೇಳಿಬರಲಿಲ್ಲ. ಪಕ್ಕದಲ್ಲೇ ಹರಿಯುವ ಪಿನಾಕಿನಿ ಕುಡಿಯುವಂತಿದ್ದರೆ ಇಷ್ಟು ಎತ್ತರಕ್ಕೆ ಕಾವೇರಿಯನ್ನು ಎತ್ತುವ ಭಾರ ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತು.

ಹೊಗೇನಕಲ್‌ನಲ್ಲಿ ನದಿಯೇ ಗಡಿ. ಈ ಗಡಿಗೆ ವಯಸ್ಸು ಹೆಚ್ಚಿಲ್ಲ. 1956ರ ನವೆಂಬರ್ 1ರವರೆಗೆ ಆಚೆಯ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಎರಡು ದಡವೂ ಮದ್ರಾಸಿನವೇ. ಆಚೆ ದಡದಲ್ಲಿ ಆಲಂಬಾಡಿ, ಉಳುಮೆಗೆ ಹೆಸರಾದ ದನದ ತಳಿಗೆ ತನ್ನ ಹೆಸರು ಕೊಟ್ಟ ಊರು. ಅದರ ಹತ್ತಿರವೇ ಗೋಪಿನಾಥಂ. ವೀರಪ್ಪನ್ ಹುಟ್ಟಿದ್ದು ಅಲ್ಲಿ. ಅವನನ್ನು ಶರಣಾಗತಿಗೆ ಒಪ್ಪಿಸಲು ಹೋಗಿ 1991ರ ನವೆಂಬರ್ 10ರಂದು ಹತ್ಯೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕಟ್ಟಿಸಿದ ಮಾರಿಯಮ್ಮನ ಗುಡಿಯೂ ಅಲ್ಲಿದೆ. ಊರವರು ಅವರ ಚಿತ್ರಕ್ಕೆ ಇಂದಿಗೂ ಕೈಮುಗಿಯುತ್ತಾರೆ. ಜಂಗಲ್ ಲಾಡ್ಜಸ್‌ನವರ ಶಿಬಿರ ಬಂದ ಮೇಲೆ ಪ್ರವಾಸಿಗರಿಗೂ ದಾರಿ ತೆರೆದಿದೆ. ಹೊಗೇನಕಲ್‌ನಲ್ಲಿ ವಾಹನ ದಾಟುವ ಸೇತುವೆ ಇಲ್ಲ. ಕಾರಿನಲ್ಲಿ ಬಂದವರು ಪೆನ್ನಾಗರ, ಮೆಟ್ಟೂರು, ಪಾಲಾರ್ ಸುತ್ತಿಕೊಂಡು ಅರ್ಧ ದಿನ ಕಳೆದು ಎದುರು ದಡ ಮುಟ್ಟಬೇಕು. ನಡೆದು ಬಂದವರಿಗೆ ಹರಿಗೋಲು ಸಾಕು.